ಅಂತರಗಂಗೆಯಲ್ಲಿ ಕಾಲಿಡುವ ಜಾಗ

ಅಂತರಗಂಗೆ ಬೆಟ್ಟದ ಮೊದಲ ಮೆಟ್ಟಿಲ ಮೇಲೆ ಕಾಲೂರಿ ನೀವು ಶೂ ದಾರ ಬಿಗಿಯುತ್ತಿದ್ದೀರಿ. ಬೆಳಗಿನ ಆರು ಗಂಟೆ, ಸೋಮವಾರ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗಿಯಾಗಿದೆ. ಆದರೂ ಕಲ್ಲಿನ ಮೇಲೆ ಅಂಗೈ ಊರಿದರೆ ರಾತ್ರಿಯ ತಂಪು ಮೊಣಕೈವರೆಗೂ ಹತ್ತುತ್ತದೆ. ಹಿಂದೆ ಕೋಲಾರದಲ್ಲಿ ಇನ್ನೂ ಬೀದಿ ದೀಪ ಆರಿಲ್ಲ. ನಿಮ್ಮನ್ನು ಇಳಿಸಿದ ಆಟೋ ಇಂಜಿನ್ ಆರಿಸಿಕೊಂಡು ಇಳಿಜಾರಿನಲ್ಲಿ ಉರುಳಿಹೋಗುತ್ತಿದೆ. ಮುಂದೆ, ಮೇಲೆ, ಬರೀ ಕಪ್ಪು. ಆ ಕಪ್ಪಿನೊಳಗೆ ಒಂದು ಕೋತಿ ಕೆಮ್ಮುತ್ತದೆ, ಇನ್ನೊಂದು ಕೊಂಬೆ ಅಲುಗಿಸುತ್ತದೆ. ನಿಮ್ಮ ಕೈ ತಾನಾಗಿ ಚೀಲದ ಜಿಪ್ ಮೇಲೆ ಹೋಗುತ್ತದೆ. ಒಳ್ಳೆಯದೇ ಆಯಿತು. ಬಾಳೆಹಣ್ಣು ಇದ್ದರೆ ಈಗಲೇ ತಳಕ್ಕೆ ತಳ್ಳಿ. ಪ್ಲಾಸ್ಟಿಕ್ ಕವರಿನ ಪರಪರ ಸದ್ದು ಅವಕ್ಕೆ ಚೆನ್ನಾಗಿ ಗೊತ್ತು, ನಾವೇ ಕಲಿಸಿದ್ದು.

ಬನ್ನಿ, ಹತ್ತೋಣ.

ಮೊದಲ ಕೆಲವು ಮೆಟ್ಟಿಲು ಗೊತ್ತೇ ಆಗುವುದಿಲ್ಲ. ಒಂದು ತಿರುವು ದಾಟಿದ ಮೇಲೆ ತೊಡೆ ಬಿಗಿಯುತ್ತದೆ, ಉಸಿರು ಗಂಟಲಿಗೆ ಬರುತ್ತದೆ, ಬೆನ್ನಿನ ಬೆವರಿಗೆ ಗಾಳಿ ತಾಗಿ ಮೈ ಜುಮ್ಮೆನ್ನುತ್ತದೆ. ‘ಸೈಡ್ ಅಣ್ಣ, ಸೈಡ್’ ಎನ್ನುತ್ತ ಮೂವರು ಹುಡುಗರು ಎರಡೆರಡು ಮೆಟ್ಟಿಲು ಹಾರಿಕೊಂಡು ಹೋಗುತ್ತಾರೆ. ಪೊಲೀಸ್ ನೇಮಕಾತಿಯ ಓಟಕ್ಕೆ ತಯಾರಾಗುತ್ತಿರುವವರು. ಅವರ ಹಿಂದೆ, ತೀರಾ ನಿಧಾನಕ್ಕೆ, ಒಬ್ಬ ಹಿರಿಯ ಹೆಂಗಸು. ಸೀರೆಯ ನೆರಿಗೆ ಎಡಗೈಯಲ್ಲಿ, ಬಲಗೈ ಮೊಣಕಾಲ ಮೇಲೆ. ಹೆಜ್ಜೆ ಹೆಜ್ಜೆಗೂ ಕಾಲುಂಗುರ ಕಲ್ಲಿಗೆ ತಾಗಿ ಸಣ್ಣಗೆ ಟಿಣ್ ಎನ್ನುತ್ತದೆ. ನಿಮ್ಮ ಏದುಸಿರು ಕೇಳಿ ಅವರೇ ನಿಮಗೆ ಧೈರ್ಯ ಹೇಳುತ್ತಾರೆ: ‘ನಿದಾನಂಗಾ ರಾ ನಾಯನಾ. ದೇವ್ರು ಎಲ್ಲಿಗೂ ಹೋಗಲ್ಲ.’ ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುವ ಮಾತು. ಕೋಲಾರದಲ್ಲಿ ಹೀಗೇ.

ಅವರ ಪಾದ ಗಮನಿಸಿ. ಊರಿಗೊಂದು ನಡಿಗೆಯ ದಾರಿ ಮಾಡಬೇಕೆಂದು ಹೊರಟವರು ಮೊದಲು ನೋಡಬೇಕಾದದ್ದು ಈ ಪಾದ ಎಷ್ಟು ಎತ್ತರಕ್ಕೆ ಏಳುತ್ತದೆ ಎಂಬುದನ್ನು. ಆರೇಳು ಇಂಚಿನ ಮೆಟ್ಟಿಲನ್ನು ಅವರು ಮಾತಾಡುತ್ತಲೇ ಏರುತ್ತಾರೆ. ಹತ್ತು ಹನ್ನೆರಡು ಇಂಚು ಬಂತೆಂದರೆ ಮಾತು ನಿಲ್ಲುತ್ತದೆ, ಕೈ ಮೊಣಕಾಲಿಗೆ ಹೋಗುತ್ತದೆ. ಅಂಥವು ಸಾಲಾಗಿ ನಾಲ್ಕು ಬಂದರೆ ಮುಂದಿನ ಸೋಮವಾರ ಅವರು ಬರುವುದಿಲ್ಲ. ಹುಡುಗರು ಹೇಗಿದ್ದರೂ ಹತ್ತುತ್ತಾರೆ. ಅವರಿಗೆ ದಾರಿಯೇ ಬೇಕಿಲ್ಲ. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದ್ದು. ಅಲ್ಲಿ ನಡುದಾರಿಯಲ್ಲಿ ಆ ದೊಡ್ಡ ನಂದಿ ಇದೆ. ನಂದಿಗೆ ಕೈಮುಗಿಯುವ ನೆಪದಲ್ಲಿ ಮುದುಕರೂ ಮಕ್ಕಳೂ ಕೂತು ಸುಧಾರಿಸಿಕೊಳ್ಳುತ್ತಾರೆ, ಉಳಿದ ಏರಿಗೆ ಉಸಿರು ಕೂಡಿಸಿಕೊಳ್ಳುತ್ತಾರೆ. ಭಕ್ತರಿಗೆಂದು ಆದ ದಾರಿ ಇವತ್ತು ಮೈಸೂರಿನವರ ಬೆಳಗಿನ ನಡಿಗೆಗೂ ಆಗಿದೆ. ಏರುವವರು ಎಲ್ಲಿ ಸುಸ್ತಾಗುತ್ತಾರೆ ಎಂದು ಅದನ್ನು ಮಾಡಿದವರಿಗೆ ಗೊತ್ತಿತ್ತು ಅನಿಸುತ್ತದೆ ನನಗೆ.

ದೇವಸ್ಥಾನಕ್ಕಿಂತ ಮೊದಲು ನೀರು ಸಿಗುತ್ತದೆ, ಕಿವಿಗೆ. ಕಾಶಿ ವಿಶ್ವೇಶ್ವರನ ಸನ್ನಿಧಿಯ ಕಲ್ಯಾಣಿ. ಕಲ್ಲಿನ ಬಸವನ ಬಾಯಿಂದ ಸಣ್ಣ ಧಾರೆ, ಬೇಸಿಗೆಯಲ್ಲೂ ನಿಲ್ಲದ್ದು. ಬೊಗಸೆ ಹಿಡಿಯಿರಿ. ನೀರು ಹಲ್ಲಿಗೆ ತಣ್ಣಗೆ ತಾಗುತ್ತದೆ, ನಾಲಗೆಯ ಮೇಲೆ ಕಲ್ಲಿನ ರುಚಿ ಉಳಿಯುತ್ತದೆ. ಕಾಶಿಯ ಗಂಗೆ ಒಳಗೊಳಗೇ ಹರಿದು ಇಲ್ಲಿ ಮೇಲೇಳುತ್ತಾಳೆ ಎಂಬುದು ಜನರ ನಂಬಿಕೆ. ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಯ ಬಿರುಕುಗಳಲ್ಲಿ ಇಳಿದು, ತಿಂಗಳುಗಟ್ಟಲೆ ಕಲ್ಲಿನೊಳಗೆ ತಂಗಿ, ತಡವಾಗಿ ಹೊರಬರುತ್ತದೆ ಎಂಬುದು ನೆಲದ ಲೆಕ್ಕ. ಎರಡರಲ್ಲೂ ನೀರು ಒಳಗೇ ನಡೆದು ಬರುತ್ತದೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ಇದು. ಕೊಳವೆಬಾವಿ ಸಾವಿರ ಅಡಿ ದಾಟಿದರೂ ಎಷ್ಟೋ ಕಡೆ ದೂಳೇ ಮೇಲೆ ಬರುತ್ತದೆ. ಬೊಗಸೆಯ ಈ ನೀರು ನೆನಪಿರಲಿ. ಮುಂದಿನ ಅರ್ಧ ಗಂಟೆ ನಾವು ನಡೆಯುವುದು ಇದರ ತಲೆಯ ಮೇಲೇ.

ದೇವಸ್ಥಾನದ ಹಿಂದೆ ಮೆಟ್ಟಿಲು ಮುಗಿಯುತ್ತವೆ. ಇಲ್ಲಿಂದ ಶತಶೃಂಗ ಪರ್ವತದ ಮೈ ಶುರು. ಬೆಳಕು ಈಗಷ್ಟೇ ಬೂದಿ ಬಣ್ಣಕ್ಕೆ ಬಂದಿದೆ. ಲಂಟಾನದ ಮುಳ್ಳು ತೋಳಿಗೆ ಗೀರುತ್ತದೆ, ಆ ಖಾರ ವಾಸನೆ ಅಂಗಿಗೆ ಹತ್ತಿಕೊಳ್ಳುತ್ತದೆ. ಸೀತಾಫಲದ ಗಿಡಗಳು ಎಲೆ ಉದುರಿಸಿ ನಿಂತಿವೆ. ಒಣಹುಲ್ಲು ಮೊಣಕಾಲವರೆಗೆ. ದಾರಿ ಎಂದುಕೊಂಡು ನೀವು ಕಾಲಿಟ್ಟದ್ದು ನಿಜಕ್ಕೂ ಒಂದು ಕೊರಕಲು: ಎರಡು ಅಡಿ ಆಳ, ಇಕ್ಕೆಲದಲ್ಲಿ ಮಣ್ಣು ಕಳಚಿಕೊಂಡ ಬೇರು, ತಳದಲ್ಲಿ ಗರಸು. ಎಡಗಾಲು ಜಾರುತ್ತದೆ. ಕೈ ಚಾಚುತ್ತೀರಿ, ಬೇರು ಸಿಗುತ್ತದೆ. ಅಂಗೈ ತರಚಿದೆ, ಹೃದಯ ಕಿವಿಯಲ್ಲಿ ಬಡಿಯುತ್ತಿದೆ. ಒಂದು ಕ್ಷಣ ಹಾಗೇ ನಿಲ್ಲಿ.

ಈ ಕೊರಕಲು ಮೊದಲು ಕಾಲುದಾರಿಯೇ. ಬೇಗ ತಲುಪಬೇಕೆಂಬ ಕಾಲುಗಳು ಬೆಟ್ಟವನ್ನು ನೇರಕ್ಕೆ ಏರಿದವು. ಹುಲ್ಲು ಸವೆಯಿತು. ಮಳೆ ಬಂದಾಗ ನೀರೂ ಅದೇ ನೇರ ದಾರಿ ಹಿಡಿಯಿತು, ಮಣ್ಣು ಹೊತ್ತುಕೊಂಡು ಹೋಯಿತು. ದಾರಿ ಆಳವಾಯಿತು, ಜನ ಪಕ್ಕದಲ್ಲಿ ಇನ್ನೊಂದು ತುಳಿದರು, ಅದೂ ಕೊರಕಲಾಯಿತು. ಬಿರುಕಿಗೆ ಇಳಿದು ಬಸವನ ಬಾಯಿಗೆ ಬರಬೇಕಾದ ನೀರು ಹೀಗೆ ಒಂದು ಗಂಟೆಯಲ್ಲಿ ಕೆಂಪಾಗಿ ಕೆಳಗೆ ಓಡಿಬಿಡುತ್ತದೆ. ಬೆಟ್ಟದ ದಾರಿ ಮಾಡುವ ಕುಶಲಿಗಳು ಲೋಕದ ಎಲ್ಲೆಡೆ ಪಾಲಿಸುವ ಕ್ರಮ ಒಂದಿದೆ. ಗುಡ್ಡದ ಇಳಿಜಾರು ಎಷ್ಟು ಕಡಿದಾಗಿದೆಯೋ ದಾರಿ ಅದರ ಅರ್ಧಕ್ಕಿಂತ ಕಡಿದಾಗಬಾರದು. ದಾರಿಯ ಹೊರ ಅಂಚು ಒಳ ಅಂಚಿಗಿಂತ ಕೊಂಚ ತಗ್ಗಿರಬೇಕು. ಅಲ್ಲಲ್ಲಿ ದಾರಿಯೇ ಒಂದು ಹೆಜ್ಜೆ ಇಳಿದು ಮತ್ತೆ ಏರಬೇಕು, ಇಲ್ಲವೇ ಓರೆಯಾಗಿ ಒಂದು ಕಲ್ಲು ಅಡ್ಡ ಮಲಗಿರಬೇಕು. ಆಗ ನೀರು ದಾರಿಯುದ್ದಕ್ಕೂ ಓಡದೆ ಪಕ್ಕದ ಹುಲ್ಲಿಗೆ ಸರಿದು ಅಲ್ಲೇ ಇಂಗುತ್ತದೆ. ಇದಕ್ಕೆ ಸಿಮೆಂಟು ಬೇಡ. ಹಾರೆ, ಗುದ್ದಲಿ, ಈ ಬೆಟ್ಟದ್ದೇ ಕಲ್ಲು ಸಾಕು.

ಈಗ ನಿಮ್ಮ ಮುಂದೆ ಎರಡು ದಾರಿ. ಎಡಕ್ಕೆ ಬಂಡೆ ಸುತ್ತಿಕೊಂಡು ಹೋಗುವ ಸಮನಾದ ಜಾಡು, ಉದ್ದ. ಬಲಕ್ಕೆ ನೇರ ಏರು, ಇಪ್ಪತ್ತು ಹೆಜ್ಜೆಯಲ್ಲಿ ಮೇಲೆ. ಬಲಕ್ಕೆ ಹೋದರೆ ನೀವು ಕೊರಕಲಿಗೆ ಇನ್ನೊಂದು ಜೊತೆ ಕಾಲು ಕೊಟ್ಟಿರಿ. ಎಡಕ್ಕೆ ಹೋಗೋಣ ಎಂದರೆ, ಅದು ದಾರಿಯೋ ಮೇಕೆಯ ಜಾಡೋ ತಿಳಿಯುವುದು ಹೇಗೆ? ಕವಲಿನಲ್ಲಿ ಒಂದು ಗುರುತೂ ಇಲ್ಲ. ದಕ್ಷಿಣ ಕೊರಿಯಾದ ಜೆಜು ದ್ವೀಪದಲ್ಲಿ ಸು ಮ್ಯುಂಗ್‌ಸುಕ್ ಎಂಬ ಮಾಜಿ ಪತ್ರಕರ್ತೆ 2007ರಲ್ಲಿ ಒಲ್ಲೆ ದಾರಿಗಳನ್ನು ಶುರುಮಾಡಿದರು. ಹಳ್ಳಿಯ ಹಳೆಯ ಓಣಿ, ಕಡಲಂಚಿನ ಕಾಲುದಾರಿಗಳನ್ನು ಒಂದಕ್ಕೊಂದು ಜೋಡಿಸಿ, ಕವಲು ಕವಲಿಗೆ ಒಂದು ನೀಲಿ, ಒಂದು ಕಿತ್ತಳೆ ರಿಬ್ಬನ್ ಕಟ್ಟಿಸಿದರು. ಅಷ್ಟು ಸಣ್ಣ ಬಟ್ಟೆಯ ತುಂಡು ಕಂಡರೆ ಒಂಟಿ ಹೆಂಗಸಿಗೂ ಭುಜ ಸಡಿಲಾಗುತ್ತದೆ: ನನಗಿಂತ ಮೊದಲು ಯಾರೋ ಇಲ್ಲಿ ಬಂದಿದ್ದರು, ನಾನು ಬರುತ್ತೇನೆಂದು ಅವರಿಗೆ ಗೊತ್ತಿತ್ತು. ನಿಮ್ಮ ಭುಜ ಈಗ ಬಿಗಿದಿದೆ. ಎಡಕ್ಕೆ ಬನ್ನಿ. ಈ ಜಾಡು ನನಗೆ ಗೊತ್ತು.

ಬಂಡೆಗಳು ಒಂದರ ಮೇಲೊಂದು ಬಿದ್ದು ನಿಂತ ಜಾಗ. ಸುಮಾರು 250 ಕೋಟಿ ವರ್ಷದ ಕಲ್ಲು. ಬಿಸಿಲು ಮಳೆಗೆ ಪದರ ಪದರ ಕಳಚಿ ಗುಂಡಾಗಿ, ಉರುಳಿ, ಒಂದಕ್ಕೊಂದು ಒರಗಿ ಅವುಗಳ ಸಂದುಗಳೇ ಗುಹೆಗಳಾಗಿವೆ. ಬೆಂಗಳೂರಿನಿಂದ ಜನ ಬರುವುದು ಇದಕ್ಕಾಗಿಯೇ. ಬಗ್ಗಿ. ಇನ್ನೂ ಬಗ್ಗಿ. ಚೀಲ ಬೆನ್ನಿಂದ ತೆಗೆದು ಮುಂದೆ ತಳ್ಳಿ. ಎದೆ ಕೆಳಗಿನ ಕಲ್ಲಿಗೆ, ಬೆನ್ನು ಮೇಲಿನ ಕಲ್ಲಿಗೆ. ಹೊರಗಿನ ಹಕ್ಕಿಯ ಸದ್ದು ಒಮ್ಮೆಲೇ ನಿಲ್ಲುತ್ತದೆ. ಕತ್ತಲು ಕಣ್ಣಿಗೆ ಒತ್ತಿಕೊಳ್ಳುತ್ತದೆ. ಮೂಗಿಗೆ ಬಾವಲಿ ಹಿಕ್ಕೆಯ ಘಾಟು. ಮುಂದೆ ಕೈ ಚಾಚುತ್ತೀರಿ, ಬೆರಳಿಗೆ ಏನೂ ತಾಗುವುದಿಲ್ಲ. ಇನ್ನೂ ಚಾಚುತ್ತೀರಿ. ಖಾಲಿ. ಭುಜ ಸಿಕ್ಕಿಕೊಂಡಿದೆ. ಉಸಿರು ಎಳೆದರೆ ಎದೆ ಉಬ್ಬಿ ಕಲ್ಲು ಬಿಗಿಯಾಗುತ್ತದೆ. ಹಿಂದೆ ಹೋಗಲೇ? ಮೊಣಕಾಲು ಹಿಂದಕ್ಕೆ ಮಡಿಯುವುದಿಲ್ಲ. ಎಳೆಯಬೇಡಿ. ಉಸಿರು ಬಿಡಿ, ಪೂರ್ತಿ ಬಿಡಿ. ಎದೆ ಇಳಿದಾಗ ಬಲ ಭುಜ ತಗ್ಗಿಸಿ, ಓರೆಯಾಗಿ ಜಾರಿ. ಹ್ಞಾ. ಕಲ್ಲು ಬಿಟ್ಟುಕೊಟ್ಟಿತು.

ಈಗ ನಿಮ್ಮ ಹಿಂದೆ ಇನ್ನು ಮೂವತ್ತು ಜನ ಸಾಲಾಗಿ ತೆವಳುತ್ತಿದ್ದಾರೆ, ಹಿಂದಿನವರು ಮುಂದಿನವರನ್ನು ತಳ್ಳುತ್ತಿದ್ದಾರೆ ಎಂದುಕೊಳ್ಳಿ. ರಜೆಯ ದಿನ ಇಲ್ಲಿ ಅದು ಬರೀ ಕಲ್ಪನೆಯಲ್ಲ; ಬೆಂಗಳೂರು ಇಲ್ಲಿಗೆ ಸುಮಾರು ಎಪ್ಪತ್ತು ಕಿಲೋಮೀಟರ್ ಅಷ್ಟೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಟ್ಟಿಗೆ ನುಗ್ಗಿದರು. ಆಗ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ರಾಜ್ಯದಾದ್ಯಂತ ತಡೆಹಿಡಿದರು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಏಕೆ ಬೇಕೆಂದು ಕಾಗದದ ಮೇಲೆ ವಾದಿಸಬೇಕಿಲ್ಲ, ಈ ಸಂದಿನಲ್ಲಿ ಒಮ್ಮೆ ಸಿಕ್ಕಿಕೊಂಡರೆ ಸಾಕು. ಆದರೆ ಆ ಮಿತಿ ಹೊರಗಿನಿಂದ ಚಾರಣಕ್ಕೆ ಬರುವವರಿಗೆ ಇರಲಿ. ಸೋಮವಾರ ಸೋಮವಾರ ಬರುವ ಆ ತಾಯಿಯ ಕೈಗೆ ಫೋನು ಕೊಟ್ಟು ಬುಕ್ ಮಾಡಿ ಎನ್ನುವ ದಿನ ಬಾರದಿರಲಿ.

ಗುಹೆಯ ಒಡಲು ಸ್ವಲ್ಪ ಅಗಲ, ಕೂರಬಹುದು. ಟಾರ್ಚ್ ಹಾಕಬೇಡಿ. ಹಾಕಿದ್ದೀರಾ? ಕೆಳಗೆ ತಿರುಗಿಸಿ, ಅಂಗೈ ಮುಚ್ಚಿ. ಬೆರಳ ಸಂದಿನ ಕೆಂಪು ಬೆಳಕಿನಲ್ಲಿ ಚಾವಣಿಯ ಬಿರುಕಿನೊಳಗೆ ಏನೋ ಮಿಸುಕುವುದು ಕಾಣುತ್ತದೆ, ಗಾಳಿ ಕೆನ್ನೆಯ ಪಕ್ಕ ಹಾದುಹೋಗುತ್ತದೆ. ಜಗತ್ತಿನಲ್ಲಿ ಈ ಜಿಲ್ಲೆ ಬಿಟ್ಟರೆ ಬೇರೆಲ್ಲೂ ಇಲ್ಲದ ಬಾವಲಿಯೊಂದಿದೆ, ಕೋಲಾರ ಎಲೆಮೂಗಿನ ಬಾವಲಿ. ವಿಜ್ಞಾನಿಗಳು ಅದನ್ನು ಹೊಸ ಜೀವಿಯೆಂದು ವಿವರಿಸಿದ್ದು 1994ರಲ್ಲಿ. ಆಗ ಅದು ಈ ಬೆಟ್ಟದ ತೇರಹಳ್ಳಿಯ ಗುಹೆಯಲ್ಲೂ ಇತ್ತು, ಹನುಮನಹಳ್ಳಿಯ ಗುಹೆಯಲ್ಲೂ ಇತ್ತು. ಈಗ ಉಳಿದಿರುವುದು ಹನುಮನಹಳ್ಳಿಯ ಒಂದೇ ಗುಹೆಯಲ್ಲಿ. ಇನ್ನೂರಕ್ಕಿಂತ ಕಡಿಮೆ ಜೀವ. ಕಲ್ಲುಗಣಿಗಾರಿಕೆ ಅದರ ಬಾಗಿಲವರೆಗೆ ಬಂದಿತ್ತು. ತೇರಹಳ್ಳಿಯಿಂದ ಅದು ಹೋಗಿಬಿಟ್ಟಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇಲ್ಲಿ ನೇತಾಡುತ್ತಿರುವುದು ಬೇರೆ ಜಾತಿಯ ಬಾವಲಿಯೇ ಇರಬಹುದು. ಆದರೂ ಗುಹೆಗೆ ಬಣ್ಣದ ದೀಪ ಹಾಕಿಸೋಣ, ಕಬ್ಬಿಣದ ಏಣಿ ಇಡಿಸೋಣ, ಜನ ಬರುತ್ತಾರೆ ಎಂದು ಯಾರಾದರೂ ಹೇಳಿದರೆ, ನೀವು ಈಗ ಮುಚ್ಚಿದ ಅಂಗೈಯನ್ನು ನೆನೆಸಿಕೊಳ್ಳಿ. ಕತ್ತಲು ಕತ್ತಲಾಗಿಯೇ ಇರಲಿ. ತೆವಳಲು ಆಗದವರಿಗೆ, ಹೆದರುವವರಿಗೆ, ಬಂಡೆಯ ಹೊರಗಿನಿಂದ ಸುತ್ತಿಹೋಗುವ ಒಂದು ಜಾಡು ಇದ್ದರೆ ಸಾಕು. ಒಳಗೆ ಬರಲೇಬೇಕೆಂಬ ಬಲವಂತ ಯಾರಿಗೂ ಬೇಡ.

ಹೊರಗೆ ಬಂದರೆ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಹಾಸುಬಂಡೆ, ಅದರ ಮೇಲೆ ಎಳೆಬಿಸಿಲು. ಮುಳಬಾಗಿಲಿನ ಕಡೆಯಿಂದ ಸೂರ್ಯ ಎದ್ದಿದ್ದಾನೆ. ಕೆಳಗೆ ಕೋಲಾರ ಇಡೀ ಹರಡಿದೆ, ಕೋಲಾರಮ್ಮನ ಕೆರೆಯ ನೀರು ತಗಡಿನ ಬಣ್ಣಕ್ಕೆ ತಿರುಗಿದೆ. ಆಚೆ ಹೆದ್ದಾರಿಯಲ್ಲಿ ನರಸಾಪುರದ ಕಾರ್ಖಾನೆಗಳಿಗೆ ಹೋಗುವ ಬಸ್ಸುಗಳು. ಉತ್ತರಕ್ಕೆ, ಶ್ರೀನಿವಾಸಪುರದ ಕಡೆ, ಮಾವು ಹೂಬಿಟ್ಟಿರುವ ಕಾಲ. ಕೂತುಕೊಳ್ಳಿ, ಕಾಲು ಚಾಚಿ. ಮೀನಖಂಡ ತಾನಾಗಿ ನಡುಗುತ್ತಿದೆ, ನಡುಗಲಿ.

ಈ ಜಿಲ್ಲೆಯ ಕೆರೆಗಳಿಗೆ 2018ರ ಜೂನ್‌ನಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಪಂಪ್ ಮಾಡುತ್ತಿದ್ದಾರೆ. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಎಂಬುದು ಕೆ.ಸಿ. ವ್ಯಾಲಿ ಯೋಜನೆಯ ಲೆಕ್ಕ. ಮೂರನೇ ಹಂತದ ಶುದ್ಧೀಕರಣವೂ ಬೇಕೆಂದು ಇಲ್ಲಿನ ರೈತರು ಕೇಳುತ್ತಲೇ ಇದ್ದಾರೆ, ನ್ಯಾಯವಾಗಿಯೇ ಕೇಳುತ್ತಿದ್ದಾರೆ. ಅಷ್ಟು ದೂರದಿಂದ ಅಂಥ ನೀರನ್ನು ಎತ್ತಿ ತರುವ ಊರಿನಲ್ಲಿ ತಲೆಯ ಮೇಲಿನ ಬೆಟ್ಟಕ್ಕೆ ಬಿದ್ದ ಮಳೆ ಕಾಲುದಾರಿಯ ಕೊರಕಲಲ್ಲಿ ಓಡಿಹೋಗುವುದನ್ನು ನೋಡಿ ನಾವು ಸುಮ್ಮನಿರಬಾರದು.

‘ಯಾವೂರು ಸ್ವಾಮಿ?’

ತಿರುಗಿ ನೋಡುತ್ತೀರಿ. ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು, ಹಿಂದೆ ಹತ್ತಿಪ್ಪತ್ತು ಮೇಕೆ. ಬೆಟ್ಟದ ಮೇಲಿನ ತೇರಹಳ್ಳಿ ಕಡೆಯ ತಾತ. ಹಳ್ಳಿಗೆ ಗಾಡಿ ದಾರಿ ಇದೆ, ಆದರೆ ಮೇಕೆಗೂ ತಾತನಿಗೂ ಇದೇ ಹತ್ತಿರ. ‘ಇಲ್ಲೊಂದು ದಾರಿ ಮಾಡಿದ್ರೆ ಹೇಗಿರುತ್ತೆ ತಾತ?’ ಎಂದು ನೀವು ಕೇಳುತ್ತೀರಿ. ಅವರು ಉತ್ತರಕ್ಕೆ ಅವಸರ ಮಾಡುವುದಿಲ್ಲ. ‘ಮಾಡ್ಲಿ. ಯಾರೂ ಬ್ಯಾಡ ಅನ್ನಲ್ಲ. ನಮ್ಮ ಮೇಕೆ ಹೋಗೋ ಕಡೆ ಬೇಲಿ ಹಾಕ್ಬ್ಯಾಡ್ರಿ ಅಷ್ಟೆ. ಬಾಟ್ಲಿ ಒಡೆದು ಹೋಗ್ತಾರೆ ಸ್ವಾಮಿ, ಗೊರಸಿಗೆ ಚುಚ್ತವೆ.’ ಅವರು ಮಾತು ನಿಲ್ಲಿಸಿ ಮೂಗೆತ್ತುತ್ತಾರೆ. ಮೇಕೆಗಳೂ ತಲೆ ಎತ್ತಿವೆ.

ನಿಮಗೆ ವಾಸನೆ ಈಗ ಬರುತ್ತದೆ. ಹುಲ್ಲು ಸುಟ್ಟ ವಾಸನೆ, ಸಿಹಿಯಾಗಿ ಶುರುವಾಗಿ ಗಂಟಲಿಗೆ ಕಹಿಯಾಗುವುದು.

ಕೆಳಗೆ, ನಾವು ಬಂದ ಕಡೆಯೇ, ಬಿಳಿ ಹೊಗೆಯ ಒಂದು ಗೆರೆ. ನೋಡುತ್ತಿದ್ದಂತೆ ಗೆರೆ ದಪ್ಪವಾಗುತ್ತದೆ. ಬೇಸಿಗೆ ಹತ್ತಿರ ಬಂದರೆ ಈ ಬೆಟ್ಟ ಹೀಗೆ ಹೊತ್ತಿಕೊಳ್ಳುತ್ತದೆ. ಎಸೆದ ಬೀಡಿಗೆ, ಹೊಸ ಹುಲ್ಲು ಬರಲೆಂದು ಹಚ್ಚಿದ ಕಡ್ಡಿಗೆ, ಅಡುಗೆ ಮಾಡಿ ಆರಿಸದೆ ಹೋದ ಒಲೆಗೆ. ಗಾಳಿ ತಿರುಗುತ್ತದೆ. ಹೊಗೆ ನಿಮ್ಮ ಮುಖಕ್ಕೆ. ಕಣ್ಣಲ್ಲಿ ನೀರು. ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿದಂತೆ ಚಟಪಟ ಸದ್ದು, ದೂರದಲ್ಲಿ, ಆಮೇಲೆ ಅಷ್ಟು ದೂರವಲ್ಲ. ನಿಮ್ಮ ಕಾಲು ಮೇಲಕ್ಕೆ ಓಡು ಎನ್ನುತ್ತದೆ. ಬೆಂಕಿ ಕೆಳಗಿದೆ, ಮೇಲಕ್ಕೆ ಹೋದರೆ ದೂರ ಎಂದು ಮೈಯೆಲ್ಲ ಕೂಗುತ್ತದೆ. ಬೇಡ. ಬೆಂಕಿ ಇಳಿಜಾರನ್ನು ನಿಮಗಿಂತ ಬೇಗ ಹತ್ತುತ್ತದೆ. ಏರು ಹತ್ತು ಡಿಗ್ರಿ ಹೆಚ್ಚಾದರೆ ಅದರ ವೇಗ ಹೆಚ್ಚುಕಡಿಮೆ ಇಮ್ಮಡಿ. ಮೇಲಿನ ಹುಲ್ಲನ್ನು ಜ್ವಾಲೆ ಮೊದಲೇ ಕಾಯಿಸಿಡುತ್ತದೆ. ಹಾಗಾದರೆ ಎತ್ತ? ಎಡಕ್ಕೊಂದು ಜಾಡು, ಬಲಕ್ಕೊಂದು ಜಾಡು. ಎಡದ್ದು ಲಂಟಾನದೊಳಗೆ ನುಗ್ಗುತ್ತದೆ. ಬಲದ್ದು ಹುಲ್ಲಿನಲ್ಲಿ ಮಾಯವಾಗುತ್ತದೆ. ಗುರುತಿಲ್ಲ. ಬಾಣವಿಲ್ಲ. ಹೊಗೆ ದಟ್ಟವಾಗಿದೆ. ಒಂದು ಮೇಕೆ ಅರಚುತ್ತದೆ. ಗಂಟಲು ಒಣಗಿದೆ, ನಾಲಗೆ ಅಂಗುಳಿಗೆ ಅಂಟಿದೆ. ಚೀಲ ಬಿಡಲೇ? ಫೋನ್ ಮಾಡಲೇ? ಯಾರಿಗೆ, ಎಲ್ಲಿದ್ದೇನೆಂದು ಹೇಳಲಿ?

‘ಬಂಡೆ ಬಿಡ್ಬ್ಯಾಡಿ!’ ತಾತನ ದನಿ. ‘ಕೂತ್ಕಳಿ. ನಡೂ ಮಧ್ಯ.’

ಕಲ್ಲಿಗೆ ಬೆಂಕಿ ಹತ್ತುವುದಿಲ್ಲ. ಅಷ್ಟು ಸರಳ. ಹುಲ್ಲಿಲ್ಲದ ಹಾಸುಬಂಡೆಯ ನಡುವೆ ನೀವು, ತಾತ, ಮೇಕೆಗಳು. ಒದ್ದೆ ಮಾಡಿದ ಟವೆಲ್ ಮೂಗಿಗೆ. ತಲೆ ಮೊಣಕಾಲುಗಳ ನಡುವೆ. ಬಿಸಿ ಗಾಳಿ ಕಿವಿಯ ಅಂಚನ್ನು ಸುಡುತ್ತದೆ. ಪಕ್ಕದಲ್ಲಿ ಮೇಕೆಯ ಪಕ್ಕೆಲುಬು ನಿಮ್ಮ ತೋಳಿಗೆ ಒತ್ತಿ ಪಟಪಟ ಬಡಿಯುತ್ತದೆ. ಕೆಳಗಿನಿಂದ ಕೂಗು: ಅರಣ್ಯ ಇಲಾಖೆಯ ಫೈರ್ ವಾಚರ್‌ಗಳು, ಜೊತೆಗೆ ಓಟಕ್ಕೆ ಬಂದಿದ್ದ ಆ ಹುಡುಗರು. ಹಸಿ ಸೊಪ್ಪಿನ ಕೊಂಬೆ ಮುರಿದು ಬಡಿಯುತ್ತಿದ್ದಾರೆ. ಬಡಿದ ಸದ್ದು, ಬೈಗುಳ, ಮತ್ತೆ ಬಡಿದ ಸದ್ದು. ಹುಲ್ಲು ಸವರಿದ್ದ ಒಂದು ಪಟ್ಟಿಗೆ ಬಂದು ಬೆಂಕಿಯ ಬಾಯಿ ತಗ್ಗುತ್ತದೆ. ತಿನ್ನಲು ಮುಂದೆ ಏನೂ ಇಲ್ಲ. ಕೊಂಬೆಗಳು ಅದನ್ನು ಅಲ್ಲೇ ಮುಗಿಸುತ್ತವೆ.

ಆ ಪಟ್ಟಿಗೆ ಇಲಾಖೆಯವರು ಬೆಂಕಿ ರೇಖೆ ಎನ್ನುತ್ತಾರೆ. ಬೇಸಿಗೆಗೆ ಮೊದಲು ಹುಲ್ಲು ಕಿತ್ತು, ತರಗು ಗುಡಿಸಿ ಬರಿ ನೆಲ ಮಾಡಿಡುವುದು. ಚೆನ್ನಾಗಿ ಮಾಡಿದ ಕಾಲುದಾರಿಯೊಂದು ಅರ್ಧ ಬೆಂಕಿ ರೇಖೆಯೇ: ಬರಿ ನೆಲ, ಬಡಿಯಲು ಬರುವವರಿಗೆ ಬೇಗ ತಲುಪುವ ಹಾದಿ, ಸಿಕ್ಕಿಕೊಂಡವರಿಗೆ ಯಾವ ಕಡೆ ಬಂಡೆ ಎಂದು ತೋರಿಸುವ ಬಾಣ. ಕವಲು ಕವಲಿಗೆ ಒಂದು ಸಂಖ್ಯೆ ಕೆತ್ತಿದ ಕಲ್ಲು ನಿಲ್ಲಿಸಿದ್ದರೆ, ಫೋನಿನಲ್ಲಿ ‘ಏಳನೇ ಕಲ್ಲಿನ ಹತ್ತಿರ ಇದ್ದೇವೆ’ ಎಂದು ಹೇಳಲು ನಿಮಗೆ ಎರಡು ಕ್ಷಣ ಸಾಕಾಗುತ್ತಿತ್ತು. ಇದಕ್ಕೆಲ್ಲ ಡಾಂಬರು ಬೇಡ, ಹಗ್ಗದ ಮೇಲೆ ಓಡುವ ಡಬ್ಬಿಯೂ ಬೇಡ. ಅರಣ್ಯ ಭೂಮಿಯನ್ನು ಅರಣ್ಯೇತರ ಕೆಲಸಕ್ಕೆ ಬಳಸಬೇಕಾದರೆ 1980ರ ಕಾಯ್ದೆಯಂತೆ ಕೇಂದ್ರದ ಒಪ್ಪಿಗೆ ಬೇಕು. ಆ ಕಟ್ಟು ಇರುವುದು ಒಳ್ಳೆಯದೇ. ಇಲ್ಲಿ ಬೇಕಿರುವುದು ಅಂಥ ದೊಡ್ಡ ಕೆಲಸವಲ್ಲ. ಇಲಾಖೆ, ದೇವಸ್ಥಾನ, ನಗರಸಭೆ, ತೇರಹಳ್ಳಿಯವರು ಒಮ್ಮೆ ಒಟ್ಟಿಗೆ ಈ ಏರು ಹತ್ತಿ, ಯಾವ ಜಾಡು ಇರಲಿ, ಯಾವುದನ್ನು ಮುಳ್ಳು ಹಾಕಿ ಮುಚ್ಚೋಣ ಎಂದು ಬಂಡೆಯ ಮೇಲೆ ಕೂತು ಒಪ್ಪಿಕೊಳ್ಳುವುದು. ಆಮೇಲೆ ಪ್ರತಿ ವರ್ಷ ಎರಡು ಸಲ, ಮಳೆಗೆ ಮುಂಚೆ ಒಮ್ಮೆ, ಬೇಸಿಗೆಗೆ ಮುಂಚೆ ಒಮ್ಮೆ, ಕೈಯಲ್ಲಿ ಗುದ್ದಲಿ ಹಿಡಿದು ಬರುವುದು. ಉದ್ಘಾಟನೆಯ ದಿನ ಬಂದವರು ಮೂರನೇ ವರ್ಷವೂ ಬರಬೇಕು. ಕಷ್ಟ ಇರುವುದು ಅಲ್ಲಿ.

ಹೊಗೆ ತಿಳಿಯಾಗುವವರೆಗೆ ತಾತ ಏಳುವುದಿಲ್ಲ, ನಾವೂ ಏಳುವುದಿಲ್ಲ.

ಇಳಿಯುವಾಗ ಸುಟ್ಟ ನೆಲ ಶೂ ತಳಕ್ಕೆ ಬೆಚ್ಚಗೆ ತಾಗುತ್ತದೆ. ಬೂದಿ ಏಳುತ್ತದೆ, ಸೀನು ಬರುತ್ತದೆ. ಏರುವಾಗ ಉಸಿರಿಗಿದ್ದ ಕಷ್ಟ ಈಗ ಮೊಣಕಾಲಿಗೆ. ಇಳಿಯುವ ಒಂದೊಂದು ಹೆಜ್ಜೆಗೂ ಮೈಭಾರದ ಮೂರು ನಾಲ್ಕು ಪಟ್ಟು ಅಲ್ಲಿ ಬೀಳುತ್ತದೆ. ಪಾದ ಅಡ್ಡ ಇಡಿ. ಅವಸರ ಬೇಡ.

ದೇವಸ್ಥಾನದಿಂದ ಕೆಳಗೆ, ಮೆಟ್ಟಿಲ ಸಾಲಿನಲ್ಲಿ, ಒಬ್ಬ ಕಲ್ಲುಕುಟಿಗ ಜರುಗಿದ ಮೆಟ್ಟಿಲೊಂದನ್ನು ಎಬ್ಬಿಸಿ ಕೂರಿಸುತ್ತಿದ್ದಾನೆ. ಮಾಲೂರು ಕಡೆಯವನು, ಅಲ್ಲಿನ ಶಿವಾರಪಟ್ಟಣದಲ್ಲಿ ದೇವರನ್ನು ಕೆತ್ತುವವರೇ ಇದ್ದಾರೆ, ಇವನ ಕೆಲಸ ಚಪ್ಪಡಿಯದು. ‘ಸಾರ್, ಒಂದ್ ಕೈ ಹಾಕಿ’ ಎನ್ನುತ್ತಾನೆ. ಹಾರೆ ನಿಮ್ಮ ಕೈಗೆ ಬರುತ್ತದೆ. ಅಂಗೈಯ ತರಚು ಗಾಯಕ್ಕೆ ಕಬ್ಬಿಣ ತಾಗಿ ಉರಿಯುತ್ತದೆ. ಹಾರೆಯ ತುದಿ ಕಲ್ಲಿನ ಅಡಿಗೆ, ಮೈಭಾರ ಮೇಲೆ. ಕಲ್ಲು ಅರ್ಧ ಇಂಚು ಏಳುತ್ತದೆ, ಅವನು ಅಡಿಗೆ ಗರಸು ತಳ್ಳುತ್ತಾನೆ. ‘ಬಿಡಿ, ಮೆಲ್ಲಗೆ.’ ಧೊಪ್. ಕಲ್ಲಿನ ಮೇಲೆ ಹತ್ತಿ ನಿಂತು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಭಾರ ಬದಲಿಸುತ್ತಾನೆ. ಅಲ್ಲಾಡುತ್ತದೆ, ಕೂದಲೆಳೆಯಷ್ಟು. ನಿಮಗೆ ಅದು ಕಾಣುವುದಿಲ್ಲ, ಅವನ ಅಂಗಾಲಿಗೆ ಗೊತ್ತಾಗಿದೆ.

‘ಹೀಗೇ ಬಿಟ್ರೆ ಅಶ್ವಿನಿ ಮಳೆಗೆ ಅಡಿ ಮಣ್ಣು ಹೋಗ್ತದೆ. ವಯಸ್ಸಾದವರು ಕಾಲಿಟ್ರೆ ಮುಗೀತು’ ಎಂದು ಕೆಳಗಿಳಿದು ಮತ್ತೆ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಾನೆ. ‘ಎತ್ತಿ ಸಾರ್. ಆ ಕಡೆ ಬಿದ್ದಿರೋ ಚಕ್ಕೆ ಕೊಡಿ. ಅದಲ್ಲ, ತೆಳ್ಳಗಿರೋದು.’